ಅಪ್ಪಯ್ಯನ ಹಳೇ ಹ್ಯಾಂಡಿಕ್ಯಾಮ್ ವಿಡಿಯೊ ಎಡಿಟ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ತೀರ್ಥಹಳ್ಳಿ ಕಡೆಯವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆಯ ವಿಡಿಯೊಗಳನ್ನು ನಾನೇ ಕೂತು ಎಡಿಟ್ ಮಾಡಬೇಕು ಅಂತ ಆಸೆ. ಈ ಕೆಲಸ ನನಗೆ ಪೂರ್ತಿ ಹೊಸದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಕೇಳುತ್ತೇನೆ.

ನಮ್ಮ ಅಪ್ಪಯ್ಯ 2003ರಲ್ಲಿ ಒಂದು ಮಿನಿ ಡಿವಿ (ಸಣ್ಣ ಕ್ಯಾಸೆಟ್ ಹಾಕುವ) ಹ್ಯಾಂಡಿಕ್ಯಾಮ್ ತಗೊಂಡಿದ್ದರು. ಆಮೇಲೆ ಏಳೆಂಟು ವರ್ಷ ಮನೆಯಲ್ಲಿ ಏನೇ ನಡೆದರೂ ಅದು ಅವರ ಕೈಯಲ್ಲಿ ಇದ್ದೇ ಇರುತ್ತಿತ್ತು. ಅಡಿಕೆ ಕೊಯ್ಲು, ಭೂಮಿ ಹುಣ್ಣಿಮೆ, ತಂಗಿಯ ಮದುವೆ, ಆಷಾಢದಲ್ಲಿ ತುಂಬಿ ಹರಿದ ಹೊಳೆ, ಎಲ್ಲ ಇದೆ. ನನಗೆ ಎಲ್ಲಕ್ಕಿಂತ ಹೆಚ್ಚಿನದು ಅಜ್ಜಿ ಹಲಸಿನಕಾಯಿ ಹಪ್ಪಳ ಮಾಡುವ ವಿಡಿಯೊ. ಒರಳಲ್ಲಿ ಕುಟ್ಟುವುದರಿಂದ ಹಿಡಿದು ಅಂಗಳದಲ್ಲಿ ಚಾಪೆ ಮೇಲೆ ಹಾಕುವವರೆಗೆ ಅರ್ಧ ಗಂಟೆ ಇದೆ. ನಡುವೆ ಅತ್ತೆಗೆ ಹೇಳುತ್ತಾರೆ: "ಉಪ್ಪು ಈಗ್ಲೇ ಜಾಸ್ತಿ ಹಾಕ್ಬೇಡ, ಒಣಗಿದ ಮೇಲೆ ಉಪ್ಪು ಮುಂದೆ ಬರ್ತದೆ." ಅಜ್ಜಿ ಈಗ ಇಲ್ಲ. ಅವರ ದನಿ ನಮ್ಮ ಹತ್ತಿರ ಉಳಿದಿರುವುದು ಇದೊಂದರಲ್ಲೇ.

ಬರುವ ವರ್ಷ ಅಪ್ಪಯ್ಯನಿಗೆ 75 ತುಂಬುತ್ತದೆ. ಅವತ್ತು ನೆಂಟರೆಲ್ಲ ಸೇರಿದಾಗ ಟಿವಿಯಲ್ಲಿ ಹಾಕಲು ಇಪ್ಪತ್ತು ನಿಮಿಷದ ಒಂದು ವಿಡಿಯೊ ಮಾಡಬೇಕು. ಕ್ಯಾಸೆಟ್‌ಗಳನ್ನೆಲ್ಲ ಪೇಟೆಯ ಒಂದು ಸ್ಟುಡಿಯೊದಲ್ಲಿ ಡಿವಿಡಿ ಮಾಡಿಸಿ ಇಟ್ಟಿದ್ದೇವೆ, ಒಂದು ಡಿವಿಡಿಗೆ ಎರಡು ಕ್ಯಾಸೆಟ್‌ನಂತೆ. ಒರಿಜಿನಲ್ ಕ್ಯಾಸೆಟ್‌ಗಳು ಬಿಸ್ಕತ್ ಡಬ್ಬಿಯಲ್ಲಿ ಅಟ್ಟದ ಮೇಲಿವೆ. ಇದರ ಜೊತೆ ಈಚಿನ ವರ್ಷಗಳ ಮೊಬೈಲ್ ವಿಡಿಯೊಗಳೂ ಇವೆ. ನನ್ನ ಲ್ಯಾಪ್‌ಟಾಪ್ ಐ3, 8 ಜಿಬಿ ರ‍್ಯಾಮ್, ವಿಂಡೋಸ್ 10.

ಈಗ ಕಷ್ಟಗಳು. ಯಾವ ಸಾಫ್ಟ್‌ವೇರ್ ಹಿಡಿಯಬೇಕು ಅಂತಲೇ ಗೊತ್ತಾಗುತ್ತಿಲ್ಲ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಡಿವಿಡಿಯ ವಿಡಿಯೊದಲ್ಲಿ ಯಾರಾದರೂ ಕೈ ಆಡಿಸಿದರೆ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಗೆರೆ ಕಾಣುತ್ತದೆ. ಮೊಬೈಲ್ ವಿಡಿಯೊ ಎಡಿಟ್‌ಗೆ ಹಾಕಿದರೆ ಸ್ವಲ್ಪ ಹೊತ್ತಾದ ಮೇಲೆ ಮಾತು ಒಂದು ಕಡೆ, ತುಟಿ ಒಂದು ಕಡೆ. ಕನ್ನಡದಲ್ಲಿ ಹೆಸರು ಹಾಕಲು ಹೋದರೆ "ಅಜ್ಜಿ" ಎನ್ನುವುದು ಒತ್ತಕ್ಷರ ಬಿಟ್ಟುಕೊಂಡು "ಅಜ್‌ಜಿ" ಅಂತ ಬರುತ್ತದೆ. ಇಷ್ಟೆಲ್ಲ ಕಲಿತು ಮಾಡಲು ಆಗುತ್ತದಾ? ಸ್ಟುಡಿಯೊಗೆ ಕೊಟ್ಟುಬಿಡಿ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಆದರೆ ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಅನ್ನುವುದು ಹೊರಗಿನವರಿಗೆ ಹೇಗೆ ತಿಳಿಯುತ್ತದೆ ಅಲ್ವಾ?

ಹಾಸನದ ಮಿಕ್ಸಿಂಗ್‌ನವನು

ಮೇಡಂ, ನಿಮ್ಮ ಕೊನೆಯ ಮಾತು ಸರಿಯಾಗಿದೆ. ನಾನು ಮದುವೆ ವಿಡಿಯೊ ಮಿಕ್ಸಿಂಗ್‌ನಲ್ಲೇ ಜೀವನ ಮಾಡಿದವನು. ಎರಡು ವಿಸಿಆರ್ ಇಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡುತ್ತಿದ್ದ ಕಾಲದಿಂದ ಎಡಿಯಸ್ ಎನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ವರೆಗೆ ಈ ಕೆಲಸ ಮಾಡಿದ್ದೇನೆ. ನಮ್ಮ ಕೈಗೆ ನಿಮ್ಮ ಕ್ಯಾಸೆಟ್ ಬಂದರೆ ನಮಗೆ ಕಾಣುವುದು ಒಬ್ಬರು ಅಜ್ಜಿ ಹಪ್ಪಳ ಮಾಡುತ್ತಿರುವುದು, ಅಷ್ಟೇ. ಆ ಉಪ್ಪಿನ ಮಾತನ್ನು ನಾವು ಗಮನಿಸುವುದೂ ಇಲ್ಲ, ಮೇಲೆ ಒಂದು ಹಾಡು ಹಾಕಿ ಮುಚ್ಚಿಬಿಡುತ್ತೇವೆ. ನೀವೇ ಮಾಡಿ. ಖಂಡಿತ ಆಗುತ್ತದೆ.

ಸಾಫ್ಟ್‌ವೇರ್ ಮಾತು ಆಮೇಲೆ. ಮೊದಲು ಅಟ್ಟ ಹತ್ತಿ ಆ ಬಿಸ್ಕತ್ ಡಬ್ಬಿ ಇಳಿಸಿ.

ಯಾಕೆ ಅಂತ ಹೇಳುತ್ತೇನೆ. ಮಿನಿ ಡಿವಿ ಕ್ಯಾಸೆಟ್‌ನಲ್ಲಿ ಇರುವುದು ಡಿಜಿಟಲ್ ವಿಡಿಯೊ. ಒಂದು ಗಂಟೆಯದನ್ನು ಇದ್ದ ಹಾಗೇ ಕಂಪ್ಯೂಟರ್‌ಗೆ ಇಳಿಸಿದರೆ ಸುಮಾರು 13 ಜಿಬಿ ಆಗುತ್ತದೆ. ಒಂದು ಮಾಮೂಲಿ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ. ನಿಮ್ಮ ಸ್ಟುಡಿಯೊದವರು ಎರಡು ಕ್ಯಾಸೆಟ್ ಒಂದೇ ಡಿವಿಡಿಗೆ ತುಂಬಿಸಿದ್ದಾರೆ. ಅಂದರೆ 26 ಜಿಬಿ ಇದ್ದದ್ದು ಐದನೇ ಒಂದು ಭಾಗಕ್ಕೂ ಕಡಿಮೆಯಾಗಿದೆ. ಗಿಡದ ಎಲೆ, ಸೀರೆಯ ಅಂಚು, ಹೊಳೆಯ ನೀರು, ಇಂಥ ಸಣ್ಣ ವಿವರಗಳೆಲ್ಲ ಚೌಕ ಚೌಕವಾಗಿ ಒಡೆದಿರುತ್ತವೆ. ಎಷ್ಟು ಎಡಿಟ್ ಮಾಡಿದರೂ ಹೋದದ್ದು ಬರುವುದಿಲ್ಲ. ಕ್ಯಾಸೆಟ್ ಚೆನ್ನಾಗಿದ್ದರೆ ಅದರಿಂದಲೇ ಇನ್ನೊಮ್ಮೆ ಇಳಿಸಿಕೊಳ್ಳಿ. ಡಿವಿಡಿ ಎಸೆಯಬೇಡಿ, ಯಾವುದಾದರೂ ಕ್ಯಾಸೆಟ್ ಕೈಕೊಟ್ಟರೆ ಅದೇ ಗತಿ.

ಒಂದು ಎಚ್ಚರಿಕೆ, ನಿಮ್ಮದು ಮಲೆನಾಡು. ಕ್ಯಾಸೆಟ್‌ನ ಸಣ್ಣ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಚುಕ್ಕಿಯೋ ಪುಡಿಯೋ ಕಂಡರೆ ಅದು ಬೂಷ್ಟು. ಅಂಥದ್ದನ್ನು ಯಾವ ಕಾರಣಕ್ಕೂ ಕ್ಯಾಮೆರಾಗೆ ಹಾಕಬೇಡಿ. ಹೆಡ್ಡಿಗೆ (ಟೇಪ್ ಓದುವ ಭಾಗಕ್ಕೆ) ಅಂಟಿಕೊಂಡು ಮುಂದಿನ ಒಳ್ಳೇ ಕ್ಯಾಸೆಟ್‌ಗೂ ಹರಡುತ್ತದೆ, ಟೇಪ್ ಹರಿದರೂ ಹರಿಯಬಹುದು. ಚೆನ್ನಾಗಿರುವುದನ್ನು ಮಾತ್ರ ಹಾಕಿ. ಮೊದಲು ಕೊನೆಯವರೆಗೆ ಫಾರ್ವರ್ಡ್ ಮಾಡಿ, ರಿವೈಂಡ್ ಮಾಡಿ, ಆಮೇಲೆ ಪ್ಲೇ ಮಾಡಿ. ವರ್ಷಗಟ್ಟಲೆ ಒಂದೇ ಕಡೆ ಸುತ್ತಿಕೊಂಡಿದ್ದ ಟೇಪ್ ಸಡಿಲವಾಗುತ್ತದೆ.

ಇಳಿಸಲು ಫೈರ್‌ವೈರ್ ಬೇಕು, ಅಂದರೆ ಕ್ಯಾಮೆರಾದಿಂದ ಕಂಪ್ಯೂಟರ್‌ಗೆ ವಿಡಿಯೊ ತರುವ ಒಂದು ಬಗೆಯ ಕನೆಕ್ಷನ್. ಸೋನಿಯವರು ಅದನ್ನೇ ಐ.ಲಿಂಕ್ ಅಂತ ಕರೆಯುತ್ತಾರೆ. ಕ್ಯಾಮೆರಾದಲ್ಲಿ ಯುಎಸ್‌ಬಿ ತೂತು ಇದ್ದರೂ ಅದು ಹೆಚ್ಚಾಗಿ ಫೋಟೊ ಇಳಿಸಲಿಕ್ಕೆ ಮಾತ್ರ. ಆನ್‌ಲೈನ್‌ನಲ್ಲಿ ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಇರುವ ಅಗ್ಗದ ವೈರ್ ಮಾರುತ್ತಾರೆ. ಅದು ಈ ಕೆಲಸಕ್ಕೆ ಬರುವುದಿಲ್ಲ, ದುಡ್ಡು ದಂಡ. ನಿಮ್ಮ ಕಡೆ ಯಾರ ಹತ್ತಿರವಾದರೂ ಹಳೇ ಡೆಸ್ಕ್‌ಟಾಪ್ ಇದ್ದರೆ ಅದಕ್ಕೆ ಫೈರ್‌ವೈರ್ ಕಾರ್ಡ್ ಹಾಕಿಸುವುದು ಸುಲಭದ ದಾರಿ. ವಿನ್‌ಡಿವಿ ಅಂತ ಒಂದು ಪುಟ್ಟ ಉಚಿತ ಸಾಫ್ಟ್‌ವೇರ್ ಇದೆ, ಇಳಿಸಲು ಅದು ಸಾಕು. ಡಿವಿ ಟೇಪಿನಲ್ಲಿ ಶೂಟ್ ಮಾಡಿದ ದಿನ, ಗಂಟೆಯೂ ದಾಖಲಾಗಿರುತ್ತದೆ. ವಿನ್‌ಡಿವಿ ಒಂದೊಂದು ಶಾಟನ್ನೂ ಬೇರೆ ಫೈಲ್ ಮಾಡಿ ಆ ದಿನಾಂಕವನ್ನೇ ಹೆಸರಿಗೆ ಸೇರಿಸುತ್ತದೆ. ಅಪ್ಪಯ್ಯ ಕ್ಯಾಮೆರಾದಲ್ಲಿ ಟೈಮ್ ಸರಿಯಾಗಿ ಇಟ್ಟಿದ್ದರೆ ಯಾವ ಅಡಿಕೆ ಕೊಯ್ಲು ಯಾವ ವರ್ಷದ್ದು ಅಂತ ನಿಮಗೆ ಕೂತಲ್ಲೇ ಗೊತ್ತಾಗುತ್ತದೆ. ಡಿವಿಡಿಯಲ್ಲಿ ಈ ಮಾಹಿತಿ ಬಂದಿರುವುದಿಲ್ಲ.

ಇಳಿಸಿದ್ದನ್ನು ಎರಡು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಒಂದನ್ನು ತಂಗಿಯ ಮನೆಯಲ್ಲಿಡಿ. ಅದಾದ ಮೇಲೆ ಎಡಿಟಿಂಗ್.

ಸಾಫ್ಟ್‌ವೇರ್: ಶಾಟ್‌ಕಟ್ ಹಾಕಿಕೊಳ್ಳಿ. ಉಚಿತ, ಓಪನ್ ಸೋರ್ಸ್, ವಾಟರ್‌ಮಾರ್ಕ್ ಬರುವುದಿಲ್ಲ, ಲಾಗಿನ್ ಕೇಳುವುದಿಲ್ಲ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಡಿವಿ ಫೈಲನ್ನೂ ಡಿವಿಡಿಯಲ್ಲಿ ವಿಡಿಯೊ ಇರುವ ವಿಒಬಿ ಫೈಲನ್ನೂ ನೇರ ತೆರೆಯುತ್ತದೆ. ದಾವಿಂಚಿ ರಿಸಾಲ್ವ್ ಬಹಳ ಒಳ್ಳೆಯದು, ಅದನ್ನೂ ಉಚಿತವಾಗಿ ಕೊಡುತ್ತಾರೆ. ಆದರೆ ಅದಕ್ಕೆ 16 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇರಬೇಕು. ನಿಮ್ಮ ಲ್ಯಾಪ್‌ಟಾಪ್ ಒದ್ದಾಡುತ್ತದೆ. ವಿಂಡೋಸ್ ಮೂವಿ ಮೇಕರ್ ಹುಡುಕಲು ಹೋಗಬೇಡಿ. ಮೈಕ್ರೋಸಾಫ್ಟ್ ಅದನ್ನು 2017ರ ಜನವರಿಯಲ್ಲೇ ನಿಲ್ಲಿಸಿತು. ಈಗ ಅದೇ ಹೆಸರಲ್ಲಿ ಸಿಗುವುದೆಲ್ಲ ಬೇರೆಯವರದ್ದು.

ಇಪ್ಪತ್ತು ನಿಮಿಷದ್ದನ್ನು ಈಗಲೇ ಹಿಡಿಯಬೇಡಿ. ಹಪ್ಪಳದ್ದು ಮಾತ್ರ ತಗೊಂಡು ಮೂರು ನಿಮಿಷಕ್ಕೆ ಇಳಿಸಿ. ಅಷ್ಟರಲ್ಲಿ ನಿಮಗೆ ಬೇಕಾದ ಕೆಲಸವೆಲ್ಲ ಕೈಗೆ ಬರುತ್ತದೆ. ಫೈಲನ್ನು ಕೆಳಗಿನ ಟೈಮ್‌ಲೈನ್‌ಗೆ (ತುಂಡುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ) ಎಳೆದು ಹಾಕಿ. ಸ್ಪೇಸ್ ಒತ್ತಿದರೆ ಓಡುತ್ತದೆ, ನಿಲ್ಲುತ್ತದೆ. ಎಸ್ ಒತ್ತಿದರೆ ಟೈಮ್‌ಲೈನ್ ಮೇಲೆ ಓಡುವ ಗೆರೆ ಇದ್ದಲ್ಲಿ ತುಂಡಾಗುತ್ತದೆ. ಬೇಡದ ತುಂಡಿನ ಮೇಲೆ ಕ್ಲಿಕ್ ಮಾಡಿ ಎಕ್ಸ್ ಒತ್ತಿದರೆ ಅದು ಹೋಗಿ ಮುಂದಿನದು ಹತ್ತಿರ ಬಂದು ಕೂರುತ್ತದೆ. ಕಂಟ್ರೋಲ್ ಝಡ್ ಇದೆ, ಧೈರ್ಯವಾಗಿ ಕತ್ತರಿಸಿ. ಒರಿಜಿನಲ್ ಫೈಲಿಗೆ ಏನೂ ಆಗುವುದಿಲ್ಲ.

ಈಗ ಮುಖ್ಯವಾದ ವಿಷಯ. ಕತ್ತರಿಸುವಾಗ ಕಣ್ಣಿಗಿಂತ ಕಿವಿಗೆ ಜಾಸ್ತಿ ಗಮನ ಕೊಡಿ. ನಿಮ್ಮ ಅಜ್ಜಿ ಉಪ್ಪಿನ ಮಾತು ಹೇಳುವಾಗ ಕ್ಯಾಮೆರಾ ಅವರ ಮುಖದ ಮೇಲೇ ಇದೆ ಅಂತ ಏನೂ ಇಲ್ಲ. ಅಪ್ಪಯ್ಯ ಆಗ ಕಾಲು ಬದಲಿಸುತ್ತಿರಬಹುದು, ಚಿತ್ರ ನೆಲಕ್ಕೆ ಜಾರಿರಬಹುದು. ಹೊಸಬರು ಏನು ಮಾಡುತ್ತಾರೆ ಅಂದರೆ ಚಿತ್ರ ಕೆಟ್ಟಿದೆ ಅಂತ ಆ ತುಂಡನ್ನೇ ತೆಗೆದುಬಿಡುತ್ತಾರೆ. ಮಾತೂ ಅದರ ಜೊತೆ ಹೋಗುತ್ತದೆ. ಹಾಗೆ ಮಾಡಬೇಡಿ. ಆ ತುಂಡು ವಿ1 ಟ್ರ್ಯಾಕ್‌ನಲ್ಲಿ (ಟೈಮ್‌ಲೈನ್‌ನ ಮೊದಲ ವಿಡಿಯೊ ಸಾಲಿನಲ್ಲಿ) ಹಾಗೇ ಇರಲಿ. ಮೇಲೆ ಇನ್ನೊಂದು ವಿಡಿಯೊ ಟ್ರ್ಯಾಕ್ ಸೇರಿಸಿ, ಅದು ವಿ2. ಅಜ್ಜಿ ಉಂಡೆ ಮಾಡುವ ಕೈ, ಮಣೆಯಿಂದ ಒತ್ತಿ ಹಪ್ಪಳ ಅಗಲವಾಗುವುದು, ಇಂಥ ಒಂದು ಚೂರನ್ನು ಬೇರೆ ಕಡೆಯಿಂದ ಕತ್ತರಿಸಿ ತಂದು ವಿ2ರಲ್ಲಿ ಸರಿಯಾಗಿ ಆ ಮಾತಿನ ಮೇಲೆ ಇಡಿ. ವಿ2ರ ಸ್ಪೀಕರ್ ಗುರುತು ಒತ್ತಿ ಅದರ ಶಬ್ದ ಮುಚ್ಚಿ. ಮೇಲಿನ ಟ್ರ್ಯಾಕ್ ಕೆಳಗಿನ ಚಿತ್ರವನ್ನು ಮುಚ್ಚುತ್ತದೆ, ಕೆಳಗಿನ ಶಬ್ದ ಹಾಗೇ ಕೇಳುತ್ತದೆ. ಈಗ ಪ್ಲೇ ಮಾಡಿ ನೋಡಿ. ಕೈ ಕೆಲಸ ಮಾಡುತ್ತಿದೆ, ಅಜ್ಜಿ ಮಾತಾಡುತ್ತಿದ್ದಾರೆ. ನೋಡುವವರಿಗೆ ಕ್ಯಾಮೆರಾ ಅಲುಗಿದ್ದು ಗೊತ್ತೇ ಆಗುವುದಿಲ್ಲ. ಎಡಿಟಿಂಗ್‌ನಲ್ಲಿ ಇದೊಂದು ಕಲಿತರೆ ಮನೆ ವಿಡಿಯೊಗೆ ಬೇಕಾದ ಮುಕ್ಕಾಲು ಭಾಗ ಬಂತು.

ಒರಳಿನ ಸದ್ದೂ ಹಾಗೆಯೇ. ಕುಟ್ಟುವ ಶಾಟ್ ಮುಗಿದು ಮುಂದಿನದು ಶುರುವಾದ ಮೇಲೂ ಆ ಸದ್ದು ಇನ್ನೊಂದೆರಡು ಸೆಕೆಂಡ್ ಕೇಳುತ್ತಿರಲಿ. ಆಗ ಎರಡು ಶಾಟ್‌ಗಳು ತಾವೇ ಕೂಡಿಕೊಳ್ಳುತ್ತವೆ, ನಡುವೆ ಯಾವ ಟ್ರಾನ್ಸಿಷನ್ನೂ ಬೇಡ. ಹೃದಯದ ಆಕಾರ, ಹೂವು ಉದುರುವುದು, ಪುಟ ಮಗುಚುವುದು, ಇವನ್ನೆಲ್ಲ ನಾನು ಮದುವೆ ಕ್ಯಾಸೆಟ್‌ಗೆ ಸಾಕಷ್ಟು ಹಾಕಿದ್ದೇನೆ, ಗಿರಾಕಿ ಕೇಳುತ್ತಿದ್ದರು. ನಿಮ್ಮ ಅಜ್ಜಿಯ ವಿಡಿಯೊಗೆ ಯಾವುದೂ ಬೇಕಾಗಿಲ್ಲ.

ಗೆರೆ ಗೆರೆ ಕಾಣುವುದರ ಬಗ್ಗೆ: ನಿಮ್ಮ ಕ್ಯಾಮೆರಾ ಕೆಟ್ಟಿರಲಿಲ್ಲ. ನಮ್ಮ ದೇಶದ ಪಾಲ್ ಎನ್ನುವ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ. ಆಗಿನ ಕ್ಯಾಮೆರಾಗಳು ಒಂದೊಂದು ಚಿತ್ರವನ್ನೂ ಎರಡು ಅರ್ಧವಾಗಿ ತೆಗೆಯುತ್ತಿದ್ದವು. ಒಮ್ಮೆ ಬೆಸ ಗೆರೆಗಳು, ಇನ್ನೊಮ್ಮೆ ಸಮ ಗೆರೆಗಳು. ಎರಡರ ನಡುವೆ ಸೆಕೆಂಡಿನ 50ನೇ ಒಂದು ಭಾಗದ ಅಂತರ. ಹಳೇ ಡಬ್ಬಾ ಟಿವಿ ಅದನ್ನು ಹಾಗೇ ತೋರಿಸುತ್ತಿತ್ತು. ಈಗಿನ ಪರದೆ ಎರಡನ್ನೂ ಒಟ್ಟಿಗೆ ತೋರಿಸುತ್ತದೆ, ಅಷ್ಟರಲ್ಲಿ ಕೈ ಸ್ವಲ್ಪ ಮುಂದೆ ಹೋಗಿರುತ್ತದೆ, ಅದೇ ನಿಮ್ಮ ಬಾಚಣಿಗೆ ಹಲ್ಲು. ಶಾಟ್‌ಕಟ್‌ನಲ್ಲಿ ಕ್ಲಿಪ್‌ನ ಪ್ರಾಪರ್ಟೀಸ್‌ನಲ್ಲಿ ಸ್ಕ್ಯಾನ್ ಮೋಡ್ ಇಂಟರ್‌ಲೇಸ್ಡ್ (ಎರಡು ಅರ್ಧವಾಗಿ ತೆಗೆದದ್ದು) ಅಂತ ಇದೆಯಾ ನೋಡಿ, ಇಲ್ಲದಿದ್ದರೆ ನೀವೇ ಬದಲಿಸಿ. ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಮುಗಿದ ವಿಡಿಯೊವನ್ನು ಫೈಲಾಗಿ ತೆಗೆಯುವಾಗ, ಪ್ರೊಗ್ರೆಸಿವ್ (ಪೂರ್ತಿ ಚಿತ್ರ) ಆರಿಸಿ, ಡಿಇಂಟರ್‌ಲೇಸರ್ ಇರುವಲ್ಲಿ ಯಾಡಿಫ್ ಅಥವಾ ಬಿಡಬ್ಲ್ಯುಡಿಐಎಫ್ ಇಡಿ. ಗೆರೆ ಹೋಗುತ್ತದೆ.

ಮೊಬೈಲ್‌ದು: ಮೊಬೈಲ್‌ಗಳು ಬೆಳಕು ನೋಡಿಕೊಂಡು ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದನ್ನು ಏರಿಳಿಸುತ್ತವೆ. ಶಾಟ್‌ಕಟ್ ಅಂಥ ಫೈಲ್ ಕಂಡರೆ "ಎಡಿಟ್‌ಗೆ ಅನುಕೂಲವಾಗುವಂತೆ ಬದಲಿಸಲೇ" ಅಂತ ಕೇಳುತ್ತದೆ. ಹೂಂ ಅನ್ನಿ. ಫೈಲ್ ದೊಡ್ಡದಾಗುತ್ತದೆ, ಆದರೆ ಮಾತು ತುಟಿ ಕೂಡುತ್ತದೆ.

ಕನ್ನಡ ಅಕ್ಷರದ್ದು ಇಲ್ಲಿ ಡಿಟಿಪಿ (ಕಂಪ್ಯೂಟರ್‌ನಲ್ಲಿ ಅಕ್ಷರ ಜೋಡಣೆ) ಗೊತ್ತಿದ್ದವರು ಹೇಳಲಿ.

ಧಾರವಾಡದ ಡಿಟಿಪಿ

ಅಕ್ಷರದ್ದು ನಾ ಹೇಳ್ತೀನ್ರಿ. ಕನ್ನಡ ಕೆಡುವುದು ಎರಡು ರೀತಿ. ಯಾವುದು ಅಂತ ಮೊದಲು ನೋಡಿಕೊಳ್ಳಬೇಕು.

ಒಂದು, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುವುದು. ಹಳೇ ನುಡಿ, ಹಳೇ ಬರಹ ಸಾಫ್ಟ್‌ವೇರ್‌ನಲ್ಲಿ ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಇಲ್ಲದೆ ಟೈಪ್ ಮಾಡಿದ್ದನ್ನು ಕಾಪಿ ಮಾಡಿದರೆ ಹೀಗಾಗುತ್ತದೆ. ಅದನ್ನು ಯುನಿಕೋಡ್‌ಗೆ ಬದಲಿಸಿಕೊಂಡರೆ ಮುಗಿಯಿತು. ಎರಡು, ನಿಮಗೆ ಆಗಿರುವುದು. ಅಕ್ಷರ ಕನ್ನಡವೇ, ಆದರೆ ಒತ್ತು ಕೆಳಗೆ ಹೋಗುವುದಿಲ್ಲ. ಇಲ್ಲಿ ನಿಮ್ಮ ಟೈಪಿಂಗ್ ಸರಿ ಇದೆ. ಆ ಸಾಫ್ಟ್‌ವೇರ್‌ಗೆ ಕನ್ನಡ ಅಕ್ಷರ ಜೋಡಿಸಲು ಬರುವುದಿಲ್ಲ. ಎಷ್ಟು ಫಾಂಟ್ ಬದಲಿಸಿದರೂ ಅದು ಸರಿ ಹೋಗುವುದಿಲ್ಲ, ಸುಮ್ನೆ ಹೊತ್ತು ಹಾಳು.

ಶಾಟ್‌ಕಟ್‌ನಲ್ಲಿ "ಟೆಕ್ಸ್ಟ್: ಸಿಂಪಲ್" ಫಿಲ್ಟರ್ ಹಾಕಿ ಮೊದಲು "ಅಜ್ಜಿ", "ಕೃಷ್ಣ", "ಸ್ತ್ರೀ", "ಅರ್ಧ" ಇಷ್ಟು ಬರೆದು ನೋಡಿ. ಅರ್ಕಾವತ್ತು, ಎರಡು ಒತ್ತು, ಎಲ್ಲ ಇವುಗಳಲ್ಲಿ ಬಂದುಬಿಡುತ್ತವೆ. ಇವು ಸರಿ ಬಂದರೆ ಉಳಿದದ್ದೂ ಬರುತ್ತದೆ. ಬರಲಿಲ್ಲ ಅಂದರೆ ಯಾವ ಸಾಫ್ಟ್‌ವೇರ್‌ಗೂ ನಡೆಯುವ ಉಪಾಯ ಒಂದಿದೆ. ಪವರ್‌ಪಾಯಿಂಟ್‌ನಲ್ಲಿ ಅಕ್ಷರ ಬರೆಯಿರಿ, ಬಣ್ಣ, ಅಂಚು ಎಲ್ಲ ಅಲ್ಲೇ ಕೊಡಿ. ಆ ಪೆಟ್ಟಿಗೆ ಮೇಲೆ ರೈಟ್ ಕ್ಲಿಕ್ ಮಾಡಿ ಚಿತ್ರವಾಗಿ ಸೇವ್ ಮಾಡಿ, ಪಿಎನ್‌ಜಿ ಆರಿಸಿ. ಹಿಂದಿನ ಬಣ್ಣ ಇಲ್ಲದೆ ಬರೀ ಅಕ್ಷರ ಬರುತ್ತದೆ. ಅದನ್ನು ಮೇಲಿನ ಟ್ರ್ಯಾಕ್‌ಗೆ ಎಳೆದು ಹಾಕಿ. ಚಿತ್ರವಾದ್ದರಿಂದ ಒತ್ತು ಎಲ್ಲಿಗೂ ಹೋಗುವುದಿಲ್ಲ.

ಫಾಂಟ್ ಬೇಕು ಅಂದರೆ ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಉಚಿತ. ಹಬ್ಬದ ಶೀರ್ಷಿಕೆಗೆ ಬಾಲೂ ತಮ್ಮ ಚೆಂದ ಕಾಣುತ್ತದೆ. ಹೆಸರು, ಊರು, ವರ್ಷಕ್ಕೆ ನೋಟೊ ಸಾನ್ಸ್ ಸಾಕು. ಬಿಳಿ ಅಕ್ಷರ, ತೆಳು ಕಪ್ಪು ಅಂಚು ಇಡಿ. ಹಿರಿಯರು ದೂರದಿಂದ ಟಿವಿ ನೋಡುತ್ತಾರೆ, ದೊಡ್ಡದಾಗಿಯೇ ಇರಲಿ. ಒಬ್ಬರು ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ನಿಲ್ಲಿಸಿ.

ಮಂಗಳೂರಿನಿಂದ

ಅಕ್ಕ, ಹಾಸನದ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಎಡಿಟ್ ಮಾಡುವುದು ಪೂರ್ತಿ ಮೊಬೈಲ್‌ನಲ್ಲೇ, ವಿಎನ್ ಆ್ಯಪ್‌ನಲ್ಲಿ. ಮೊಬೈಲ್ ವಿಡಿಯೊಗಳನ್ನು ಮೊದಲೇ ಕತ್ತರಿಸಿ ಚಿಕ್ಕದು ಮಾಡಿಕೊಳ್ಳಲು ಅದು ಒಳ್ಳೆಯದು. ಬಸ್ಸಿನಲ್ಲಿ ಕೂತೇ ಮಾಡಬಹುದು. ಕ್ಯಾಪ್‌ಕಟ್ ಅಂತ ಯೂಟ್ಯೂಬ್‌ನಲ್ಲಿ ತುಂಬ ಜನ ಕಲಿಸುತ್ತಾರೆ, ಅದು ಭಾರತದಲ್ಲಿ ನಿಷೇಧ ಆಗಿದೆ, ಅದರ ಹಿಂದೆ ಬೀಳಬೇಡಿ. ಗಂಟೆಗಟ್ಟಲೆ ಇರುವ ಕ್ಯಾಸೆಟ್ ಕೆಲಸಕ್ಕೆ ಮಾತ್ರ ಲ್ಯಾಪ್‌ಟಾಪೇ ಬೇಕು.

ನಾನು ಹೇಳಬೇಕು ಅಂತ ಬಂದದ್ದು ಬೇರೆ. ನಿಮ್ಮ ಅಪ್ಪಯ್ಯ ಇದ್ದಾರಲ್ಲ, ಅವರ ದನಿಯನ್ನೂ ಇದಕ್ಕೆ ತಗೊಳ್ಳಿ. ನಮ್ಮ ಅಜ್ಜನ ಹಳೇ ವಿಡಿಯೊ ಎಡಿಟ್ ಮಾಡುವಾಗ ನಾನು ಹೀಗೆ ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿ ಸೌಂಡ್ ಮ್ಯೂಟ್ ಮಾಡಿ ವಿಡಿಯೊ ಓಡಿಸಿದೆ. ಅಜ್ಜನ ಮುಂದೆ ಮೊಬೈಲ್ ರೆಕಾರ್ಡರ್ ಆನ್ ಮಾಡಿ ಟವೆಲ್ ಮೇಲೆ ಇಟ್ಟೆ. "ಮಾತಾಡಿ" ಅಂತ ಹೇಳಲಿಲ್ಲ, "ಇವರು ಯಾರು ಅಜ್ಜ?" ಅಂತ ಮಾತ್ರ ಕೇಳುತ್ತಾ ಹೋದೆ. ಆ ದೋಣಿ ಯಾರದ್ದು, ಆ ಹುಡುಗ ಈಗ ಎಲ್ಲಿದ್ದಾನೆ, ಹಿಂದೆ ಕಾಣುವ ಮಾವಿನ ಮರ ಯಾವ ಮಳೆಗೆ ಬಿತ್ತು, ಎಲ್ಲ ತಾವಾಗಿಯೇ ಹೇಳಿದರು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಎಷ್ಟೋ ವಿಷಯ ಅದರಲ್ಲಿ ಬಂತು. ಆ ರೆಕಾರ್ಡಿಂಗನ್ನೇ ಚೂರು ಚೂರು ಮಾಡಿ ವಿಡಿಯೊ ಕೆಳಗೆ ಹಾಕಿದೆ.

ಮಾಡುವಾಗ ಫ್ಯಾನ್ ಆಫ್ ಮಾಡಿ, ಫ್ರಿಜ್ ಇರುವ ಕೋಣೆ ಬೇಡ. ಮೊಬೈಲ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಹಾಸಿಗೆ, ಪರದೆ ಇರುವ ಕೋಣೆಯಲ್ಲಿ ಶಬ್ದ ಗುಂಯ್ ಅನ್ನುವುದಿಲ್ಲ. ಅಪ್ಪಯ್ಯನಿಗೆ ಹುಟ್ಟುಹಬ್ಬದ ವಿಷಯ ಹೇಳದಿದ್ದರೂ ನಡೆಯುತ್ತದೆ. ಕ್ಯಾಸೆಟ್ ಇಳಿಸಿದ್ದೇವೆ, ಯಾವುದು ಯಾವುದು ಅಂತ ಬರೆದುಕೊಳ್ಳಬೇಕು ಅಂದರೆ ಸಾಕು ಅಲ್ವಾ?

ತೀರ್ಥಹಳ್ಳಿ ಕಡೆಯವಳು

ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಡಬ್ಬಿ ಇಳಿಸಿ ಟಾರ್ಚ್ ಬಿಟ್ಟು ನೋಡಿದೆ. ಹೆಚ್ಚಿನವು ಚೆನ್ನಾಗಿವೆ, ಹಪ್ಪಳದ ಕ್ಯಾಸೆಟ್ ಕೂಡ. ಮೂರರಲ್ಲಿ ಮಾತ್ರ ಅಂಚಿಗೆ ಬಿಳಿ ಚುಕ್ಕಿ ಇದೆ. ಅದರಲ್ಲಿ ಒಂದು ತಂಗಿಯ ಮದುವೆಯದ್ದು.

ಡಿವಿಡಿಯ ಫೈಲ್ ಇಟ್ಟುಕೊಂಡು ಹಪ್ಪಳದ್ದನ್ನು ಶಾಟ್‌ಕಟ್‌ನಲ್ಲಿ ಅಭ್ಯಾಸಕ್ಕೆ ಶುರು ಮಾಡಿದ್ದೇನೆ. ಎಸ್, ಎಕ್ಸ್ ಕೈಗೆ ಹತ್ತಿತು. ಉಪ್ಪಿನ ಮಾತಿನ ಮೇಲೆ ಕೈಯ ಶಾಟ್ ಇಟ್ಟು ನೋಡಿದೆ ಸರ್, ನೀವು ಹೇಳಿದ ಹಾಗೇ ಆಯಿತು. ಅತ್ತೆಯನ್ನು ಕರೆದು ತೋರಿಸಿದೆ. ಅವರು ಎರಡು ಸಲ ಹಾಕಿಸಿಕೊಂಡು ನೋಡಿದರು.

ಈಗ ಉಳಿದ ಪ್ರಶ್ನೆ. ಹ್ಯಾಂಡಿಕ್ಯಾಮ್ ಬ್ಯಾಟರಿ ಸತ್ತಿದೆ, ಚಾರ್ಜೇ ಆಗುತ್ತಿಲ್ಲ. ಬೂಷ್ಟು ಬಂದ ಕ್ಯಾಸೆಟ್ ಏನು ಮಾಡಲಿ? ಮದುವೆ ಭಾಗಕ್ಕೆ ಹಿನ್ನೆಲೆಯಲ್ಲಿ ಹಳೇ ಸಿನಿಮಾ ಹಾಡು ಹಾಕಬೇಕು ಅಂತ ತಂಗಿಯ ಆಸೆ, ಅದು ತಪ್ಪಾ? ಅಮೆರಿಕದಲ್ಲಿರುವ ಮಾವನಿಗೂ ಕಳಿಸಬೇಕು, ವಾಟ್ಸಾಪ್‌ನಲ್ಲಿ ಹಾಕಿದರೆ ಮಸುಕಾಗುತ್ತದೆ. ಮೊಬೈಲ್ ಉದ್ದಕ್ಕೆ ಹಿಡಿದು ತೆಗೆದ ವಿಡಿಯೊಗಳನ್ನು ಟಿವಿಗೆ ಹೇಗೆ ಹೊಂದಿಸುವುದು?

ಹಾಸನದ ಮಿಕ್ಸಿಂಗ್‌ನವನು

ಬಹಳ ಸಂತೋಷ ಮೇಡಂ. ಮಂಗಳೂರಿನ ತಂಗಿ ಹೇಳಿದ್ದನ್ನು ಬಿಡಬೇಡಿ, ಅಪ್ಪಯ್ಯನ ದನಿ ಈ ವಾರವೇ ತಗೊಳ್ಳಿ. ಎಡಿಟಿಂಗ್ ಯಾವಾಗ ಬೇಕಾದರೂ ಆಗುತ್ತದೆ.

ಬ್ಯಾಟರಿ ಬೇಡ. ಕ್ಯಾಮೆರಾ ಜೊತೆ ಬಂದ ಅಡಾಪ್ಟರ್ ನೇರ ಚುಚ್ಚಿದರೆ ಓಡುತ್ತದೆ. ಗಂಟೆಗಟ್ಟಲೆ ಇಳಿಸುವಾಗ ಅಡಾಪ್ಟರ್‌ನಲ್ಲೇ ಇರಬೇಕು ಕೂಡ. ಚಿತ್ರದಲ್ಲಿ ಚೌಕ ಚೌಕ ಒಡೆದರೆ ಹೆಡ್ ಕೊಳೆಯಾಗಿದೆ ಅಂತ. ಮಿನಿ ಡಿವಿಯದ್ದೇ ಒಣ ಕ್ಲೀನಿಂಗ್ ಕ್ಯಾಸೆಟ್ ಬರುತ್ತದೆ, ಕೆಲವೇ ಸೆಕೆಂಡ್ ಓಡಿಸಿ ತೆಗೆಯಿರಿ. ಜಾಸ್ತಿ ಓಡಿಸಿದರೆ ಹೆಡ್ ಸವೆಯುತ್ತದೆ.

ಬೂಷ್ಟಿನ ಮೂರು ಕ್ಯಾಸೆಟ್‌ಗಳನ್ನು ಬೇರೆ ಡಬ್ಬಿಗೆ ಹಾಕಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಔಷಧಿ ಬಾಟಲಿಯಲ್ಲಿ, ಹೊಸ ಬ್ಯಾಗಿನಲ್ಲಿ ಬರುತ್ತದಲ್ಲ, ಅದೇ. ಒಣಗಿದರೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ. ನಾಶವಾಗುವುದಿಲ್ಲ. ಟೇಪ್ ಬಿಚ್ಚಿ ಕ್ಲೀನ್ ಮಾಡುವವರು ಸಿಕ್ಕಿದ ಮೇಲೆಯೇ ಕೊಡಿ. "ಹಾಕಿ ನೋಡೋಣ" ಅನ್ನುವವರ ಕೈಗೆ ಕೊಡಬೇಡಿ. ಅಲ್ಲಿಯವರೆಗೆ ಮದುವೆಗೆ ಡಿವಿಡಿಯದ್ದೇ ಬಳಸಿ.

ಹಾಡಿನ ವಿಷಯ. ಮನೆಯಲ್ಲಿ ಟಿವಿಗೆ ಹಾಕಿ ನೋಡುವುದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಯೂಟ್ಯೂಬ್‌ಗೆ ಏರಿಸಿದರೆ ಅಲ್ಲಿ ಕಂಟೆಂಟ್ ಐಡಿ ಅಂತ ಇದೆ, ಹಾಡನ್ನು ತಾನೇ ಗುರುತು ಹಿಡಿಯುತ್ತದೆ. ಹಕ್ಕು ಇರುವವರು ಹೇಗೆ ಹೇಳಿರುತ್ತಾರೋ ಹಾಗೆ ಜಾಹೀರಾತು ಬರಬಹುದು, ವಿಡಿಯೊ ಕಾಣದೇ ಹೋಗಬಹುದು. ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ) ಮಾಡಿದರೂ ಅದು ತಪ್ಪುವುದಿಲ್ಲ.

ನಿಮ್ಮ ತಂಗಿಗೆ ಒಂದು ಮಾತು ಹೇಳಿ. ನಿಮ್ಮ ಕಡೆಯ ಮದುವೆ ಅಂದರೆ ಹೆಂಗಸರು ಹಸೆಗೆ ಕರೆಯುವಾಗ, ಆರತಿ ಮಾಡುವಾಗ ಹಾಡಿರುತ್ತಾರೆ. ಅದು ಕ್ಯಾಸೆಟ್‌ನಲ್ಲಿ ಖಂಡಿತ ಇರುತ್ತದೆ. ಹಿಂದೆ ಗದ್ದಲ ಇರಬಹುದು, ಒಬ್ಬರು ಮುಂದೆ, ಇನ್ನೊಬ್ಬರು ಹಿಂದೆ ಹಾಡಿರಬಹುದು. ಆ ಹಾಡನ್ನು ಪೂರ್ತಿ ಎತ್ತಿಕೊಳ್ಳಿ. ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಟ್ಯಾಚ್ ಆಡಿಯೊ ಅಂದರೆ ಶಬ್ದ ಬೇರೆ ಟ್ರ್ಯಾಕ್‌ಗೆ ಬರುತ್ತದೆ. ಅದನ್ನು ಮದುವೆ ಭಾಗದ ಉದ್ದಕ್ಕೂ ಹಾಸಿ, ಮೇಲೆ ಚಿತ್ರಗಳನ್ನು ಜೋಡಿಸಿ. ತುದಿಗಳಲ್ಲಿ ಸಣ್ಣ ದುಂಡು ಗುರುತು ಇರುತ್ತದೆ, ಅದನ್ನು ಎಳೆದರೆ ಶಬ್ದ ನಿಧಾನ ಏರುತ್ತದೆ, ಇಳಿಯುತ್ತದೆ. ಹಾಡಿದವರಲ್ಲಿ ಎಷ್ಟು ಜನ ಈಗ ಇದ್ದಾರೋ ನನಗೆ ಗೊತ್ತಿಲ್ಲ. ಸಿನಿಮಾ ಹಾಡು ಯಾವಾಗ ಬೇಕಾದರೂ ಸಿಗುತ್ತದೆ, ಅವರ ಹಾಡು ಆ ಟೇಪ್ ಬಿಟ್ಟರೆ ಎಲ್ಲೂ ಇಲ್ಲ. ನಾನು ನೂರಾರು ಮದುವೆಗೆ ಮಂಗಳವಾದ್ಯದ ಒಂದೇ ಟ್ರ್ಯಾಕ್ ಹಾಕಿ ಕೊಟ್ಟವನು, ಆಗ ಕೆಲಸದ ರೀತಿಯೇ ಹಾಗಿತ್ತು. ನಿಮಗೆ ಅಂಥ ಅವಸರವಿಲ್ಲ.

ಮೋಟಾರಿನ ಗುಂಯ್ ಸದ್ದು ಕೇಳಿದರೆ ಹೈ ಪಾಸ್ ಫಿಲ್ಟರ್ (ಕೆಳಮಟ್ಟದ ಸದ್ದು ಕಡಿಮೆ ಮಾಡುವುದು) ಸ್ವಲ್ಪ ಹಾಕಿ, ದನಿ ಸಣ್ಣದಿದ್ದರೆ ಗೇನ್ (ಶಬ್ದದ ಮಟ್ಟ) ಏರಿಸಿ. ಅಷ್ಟು ಸಾಕು. ಪೂರ್ತಿ ಕ್ಲೀನ್ ಮಾಡಲು ಹೋದರೆ ಅಜ್ಜಿಯ ದನಿಯೇ ತೆಳ್ಳಗಾಗುತ್ತದೆ.

ಹಳೇ ವಿಡಿಯೊದ ಅಗಲ, ಎತ್ತರದ ಲೆಕ್ಕ 4:3. ಅದನ್ನು ಟಿವಿ ತುಂಬ ಎಳೆಯಬೇಡಿ, ಮುಖ ಅಗಲವಾಗುತ್ತದೆ. ಪಕ್ಕಕ್ಕೆ ಕಪ್ಪು ಪಟ್ಟಿ ಬಂದರೆ ಬರಲಿ. ಮೊಬೈಲ್ ಉದ್ದಕ್ಕೆ ಹಿಡಿದದ್ದಕ್ಕೆ "ಬ್ಲರ್: ಪ್ಯಾಡ್" ಅಂತ ಫಿಲ್ಟರ್ ಇದೆ, ಪಕ್ಕದ ಜಾಗವನ್ನು ಅದೇ ಚಿತ್ರದ ಮಸುಕಿನಿಂದ ತುಂಬುತ್ತದೆ. ಪ್ರಾಜೆಕ್ಟ್ ಶುರು ಮಾಡುವಾಗಲೇ ವಿಡಿಯೊ ಮೋಡ್ 1080ಪಿ, 25 ಫ್ರೇಮ್ ಇಡಿ, ನಡುವೆ ಬದಲಿಸಬೇಡಿ. ಇನ್ನೊಂದು ಬಹಳ ಮುಖ್ಯ. ಪ್ರಾಜೆಕ್ಟ್ ಫೈಲ್‌ನಲ್ಲಿ ವಿಡಿಯೊ ಇರುವುದಿಲ್ಲ, ಯಾವ ಫೈಲ್ ಎಲ್ಲಿದೆ ಅನ್ನುವುದು ಮಾತ್ರ ಇರುತ್ತದೆ. ಶುರು ಮಾಡಿದ ಮೇಲೆ ಫೋಲ್ಡರ್ ಹೆಸರು ಬದಲಿಸಿದರೆ, ಫೈಲ್ ಬೇರೆ ಕಡೆ ಹಾಕಿದರೆ ಅದಕ್ಕೆ ಸಿಗುವುದಿಲ್ಲ.

ಎಕ್ಸ್‌ಪೋರ್ಟ್‌ನಲ್ಲಿ ಯೂಟ್ಯೂಬ್ ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ಆಯ್ಕೆ) ಆರಿಸಿ, ಎಂಪಿ4 ಬರುತ್ತದೆ, ಟಿವಿಯಲ್ಲೂ ಓಡುತ್ತದೆ. ಮಾವನಿಗೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ, 2 ಜಿಬಿವರೆಗೆ ಹೋಗುತ್ತದೆ, ಮಸುಕಾಗುವುದಿಲ್ಲ. ಟಿವಿಗೆ ಪೆನ್‌ಡ್ರೈವ್ ಹಾಕುವುದಾದರೆ ಒಂದು ನೋಡಿಕೊಳ್ಳಿ, ಫ್ಯಾಟ್32 ಅಂತ ಫಾರ್ಮ್ಯಾಟ್ ಆದ ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಹುಟ್ಟುಹಬ್ಬದ ಹಿಂದಿನ ದಿನವೇ, ಅವತ್ತು ಹಾಕುವ ಅದೇ ಟಿವಿಯಲ್ಲಿ, ಅದೇ ಪೆನ್‌ಡ್ರೈವ್ ಹಾಕಿ ಪೂರ್ತಿ ಓಡಿಸಿ ನೋಡಿ. ಕೋಣೆಯ ಕೊನೆಯಲ್ಲಿ ನಿಂತು ಮಾತು ಕೇಳುತ್ತದಾ ಪರೀಕ್ಷಿಸಿ.

ಈಗ ನಿಮ್ಮ ಕ್ಯಾಮೆರಾದ ಕೆಳಗೆ ಇರುವ ಮಾಡೆಲ್ ನಂಬರ್ ಇಲ್ಲಿ ಹಾಕಿ. ಎಷ್ಟು ಪಿನ್ನಿನ ವೈರ್ ಬೇಕು, ಡೆಸ್ಕ್‌ಟಾಪ್‌ಗೆ ಯಾವ ಕಾರ್ಡ್ ಕೇಳಬೇಕು ಅಂತ ನೋಡಿ ಹೇಳುತ್ತೇನೆ.